ತಳ ಕಂಡರೆ ಅರ್ಧ

ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆಯ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಕಣ್ಣು ತಾನಾಗಿ ಪಾತ್ರೆಯ ತಳವನ್ನು ಹುಡುಕುತ್ತದೆ. ಈರನಗೆರೆಯ ನಮ್ಮ ಹೆಂಚಿನ ಮನೆ ಈಗಿಲ್ಲ, ರಸ್ತೆ ಅಗಲ ಮಾಡಿದಾಗ ಹೋಯಿತು. ಅಜ್ಜಿ ಕಾಲು ಚಾಚಿ ಕೂರುತ್ತಿದ್ದ ಜಗಲಿಯ ಮೇಲೆ ಈಗ ಜಟಕಾಗಳು ಓಡುತ್ತವೆ. ಆದರೆ ಆ ಅಡಿಗೆಮನೆಯ ಬೆಳಗುಗಳನ್ನು ಯಾರೂ ಅಗೆದುಹಾಕಲಾರರು. ಚರ್ಚಿನ ಮೊದಲ ಗಂಟೆ, ಹಸಿ ಸೌದೆಯ ಹೊಗೆ, ಹಿತ್ತಲಲ್ಲಿ ಅಪ್ಪ ಜಟಕಾ ಕುದುರೆಯ ಮೈ ತಿಕ್ಕುವ ಸದ್ದು, ಒಲೆಯ ಮುಂದೆ ಪಾವು ಹಿಡಿದು ಕೂತ ಅಜ್ಜಿ. ಅವಳ ಎರಡೂ ಮಗ್ಗುಲಲ್ಲಿ ನಾನು ಮತ್ತು ನನ್ನ ತಂಗಿ ಲೂರ್ದು, ಹಾಲಿಗೆ ಕಾದ ಬೆಕ್ಕಿನ ಮರಿಗಳ ಹಾಗೆ.

ನಾನು ಶಾಲೆಗೆ ಹೋದದ್ದು ಮೂರೇ ವರ್ಷ. ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನು ಅಲ್ಲಿ ಬಾಯಿಪಾಠ ಮಾಡಿಸಿದ್ದರು. ಅವು ಏನೆಂದು ತಿಳಿದದ್ದು ಮಾತ್ರ ಅಜ್ಜಿಯ ಪಾವಿನಿಂದ. ಬಾಯಿಯೂ ತಳವೂ ಒಂದೇ ಅಗಲದ, ನೆಟ್ಟಗೆ ನಿಂತ ಪಾವು ಅದು. ಅದರ ತುಂಬ ಹಾಲು ಹಾಕಿ ಅಜ್ಜಿ ಮೆಲ್ಲಗೆ ಬಗ್ಗಿಸುವಳು. ಹಾಲು ಈಚೆ ಬಾಯಂಚನ್ನು ಮುಟ್ಟಿರುವಾಗಲೇ ಆಚೆ ತಳದ ಅಂಚು ಉಗುರಿನಷ್ಟು ಇಣುಕಬೇಕು, ಅಲ್ಲಿಗೆ ಕೈ ನಿಲ್ಲಬೇಕು. “ತಳ ಕಂಡ್ರೆ ಅರ್ಧ ಕಣ್ರೇ. ಹೋಗಿದ್ದು ಅರ್ಧ, ಉಳ್ದಿದ್ದು ಅರ್ಧ” ಎನ್ನುವಳು. ಹೋದ ಅರ್ಧ ಅಪ್ಪ ಅಮ್ಮನ ಕಾಫಿಗೆ. ಉಳಿದ ಅರ್ಧವನ್ನು ಒಂದು ಲೋಟಕ್ಕೆ ಹಾಕಿದರೆ ಅದು ಕಂಠಪೂರ್ತಿ ತುಂಬುತ್ತಿತ್ತು, ಚಿಕ್ಕ ಸೌಟಿನಲ್ಲಿ ಹನ್ನೆರಡು ಸೌಟು. ಆರು ನನಗೆ, ಆರು ಲೂರ್ದುಗೆ. ಅರ್ಧದಲ್ಲಿ ಅರ್ಧ ಕಾಲು ಎಂಬುದನ್ನು ನಾನು ನಾಲಿಗೆಯಿಂದ ಕಲಿತೆ. ಹಾಗೆ ಕಲಿತದ್ದು ಮರೆಯುವುದಿಲ್ಲ. ಇವತ್ತಿಗೂ ನಮ್ಮ ಬೀದಿಯಲ್ಲಿ ಹಬ್ಬದ ಅಡಿಗೆ ಪಾಲು ಮಾಡುವುದಿದ್ದರೆ ನನ್ನನ್ನೇ ಕರೆಯುತ್ತಾರೆ. ನನ್ನ ಕೈ ತಪ್ಪುವುದಿಲ್ಲ. ತಪ್ಪಿದ್ದು ಒಂದೇ ಕಡೆ, ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಅಜ್ಜಿ ತೀರಿಕೊಂಡಾಗ ನನಗೆ ಹನ್ನೊಂದು, ಲೂರ್ದುಗೆ ಏಳು. ಅಮ್ಮ ಬಂಗಲೆಯ ಅಡಿಗೆ ಕೆಲಸಕ್ಕೆ ಬೇಗ ಹೊರಟುಬಿಡುತ್ತಿದ್ದಳು, ಹಾಲು ಹಂಚುವುದು ನನ್ನ ಪಾಲಿಗೆ ಬಂತು. ಸೌಟು ಎಣಿಸಲು ನನಗೆ ಬೇಸರ. ಪಾವನ್ನು ಬಗ್ಗಿಸಿದಂತೆಯೇ ಲೋಟವನ್ನೂ ಬಗ್ಗಿಸಿದರಾಯಿತು ಎಂದುಕೊಂಡೆ. ಆ ಲೋಟದ ಬಾಯಿ ಅಗಲ, ತಳ ಬಾಯಿಯ ಅರ್ಧದಷ್ಟೂ ಇಲ್ಲವೇನೋ ಎನ್ನುವ ಹಾಗೆ ಕಿರಿದು. ತಳ ಕಾಣುವವರೆಗೆ ನನ್ನ ಕಂಚಿನ ಬಟ್ಟಲಿಗೆ ಬಗ್ಗಿಸಿಕೊಂಡು ಉಳಿದದ್ದನ್ನು ಲೋಟದ ಸಮೇತ ಅವಳಿಗೆ ಕೊಡುತ್ತಿದ್ದೆ. ಲೂರ್ದು ನೆಲಕ್ಕೆ ಕೆನ್ನೆ ಹಚ್ಚುವಷ್ಟು ಬಗ್ಗಿ ಕಾವಲು ಕಾಯುವಳು. “ಸಾಕು ಸಾಕು ಕಣಕ್ಕ, ತಳ ಕಂಡ್ಬುಡ್ತು” ಎಂದು ನನ್ನ ಕೈ ಹಿಡಿಯುವಳು. ಆಮೇಲೆ ನನ್ನ ಅಗಲ ಬಟ್ಟಲಿನಲ್ಲಿ ತೆಳ್ಳಗೆ ಹರಡಿದ ಹಾಲನ್ನು ನೋಡಿ ನಗುವಳು. “ನಿಂದು ನೋಡು, ಬೆಕ್ಕು ನೆಕ್ಕೋವಷ್ಟೇ ಐತೆ. ನಂದೇ ಎತ್ರ.”

ಒಂದು ಮಧ್ಯಾಹ್ನ ಪಾತ್ರೆ ತೊಳೆಯುವಾಗ ಸುಮ್ಮನೆ ಲೋಟಕ್ಕೆ ನೀರು ತುಂಬಿ, ತಳ ಕಾಣುವಷ್ಟು ಬಗ್ಗಿಸಿ, ಉಳಿದದ್ದನ್ನು ಸೌಟಿನಲ್ಲಿ ಅಳೆದೆ. ಮೂರೇ ಸೌಟು. ಇನ್ನೊಮ್ಮೆ ಅಳೆದೆ, ಮೂರೇ. ಹಾಗಾದರೆ ನನ್ನ ಬಟ್ಟಲಿಗೆ ಬೀಳುತ್ತಿದ್ದದ್ದು ಒಂಬತ್ತು. ಅವಳಿಗೆ ಕಾಲು, ನನಗೆ ಮುಕ್ಕಾಲು. ಬಟ್ಟೆ ಕಲ್ಲಿನ ಮೇಲೆ ಕೂತು ಆ ಲೆಕ್ಕವನ್ನು ಪೂರ್ತಿಯಾಗಿ ಅರ್ಥಮಾಡಿಕೊಂಡೆ. ಶಾಲೆಯ ಮೂರು ವರ್ಷದಲ್ಲಿ ಅಷ್ಟು ಚೆನ್ನಾಗಿ ಯಾವುದೂ ಅರ್ಥವಾಗಿರಲಿಲ್ಲ. ಮಾರನೆಯ ಬೆಳಿಗ್ಗೆ ಅದೇ ಲೋಟ ತೆಗೆದುಕೊಂಡೆ, ಹಾಗೆಯೇ ಬಗ್ಗಿಸಿದೆ. ಅಂದಿನವರೆಗಿನದು ತಪ್ಪು, ಅಂದಿನಿಂದಾಚೆಯದು ಕಳ್ಳತನ. ಅದೇ ದಿನವೋ ಆ ವಾರವೋ, ಲೂರ್ದು ನನ್ನ ಬಟ್ಟಲನ್ನು ನೋಡಿ, “ಪಾಪ, ತಕೋ ಅಕ್ಕ” ಎಂದು ತನ್ನ ಲೋಟದಿಂದ ಒಂದು ಗುಟುಕು ನನಗೆ ಸುರಿದಳು. ನಾನು ಕುಡಿದೆ. ಐದು ವರ್ಷ, ನನ್ನ ಮದುವೆಯಾಗುವವರೆಗೆ, ಹಾಗೆಯೇ ನಡೆಯಿತು. ಶನಿವಾರ ಪಾಪನಿವೇದನೆಗೆ ಹೋಗಿ ಸುಳ್ಳು, ಸಿಟ್ಟು, ಜಪದಲ್ಲಿ ತೂಕಡಿಸಿದ್ದು ಎಲ್ಲ ಹೇಳಿದ್ದೇನೆ. ಲೋಟದ ವಿಷಯ ಹೇಳಲಿಲ್ಲ.

ಲೂರ್ದು ಕಡ್ಡಿಯಂತೆಯೇ ಬೆಳೆದಳು. ಲಷ್ಕರ್ ಮೊಹಲ್ಲಾದ ಒಬ್ಬ ಬಡಗಿಯನ್ನು ಮದುವೆಯಾದಳು. ಒಂದು ಗಂಡು, ಒಂದು ಹೆಣ್ಣು. ಒಂದು ಬೆಳಿಗ್ಗೆ ನಾನು ಅವಳ ಮನೆಗೆ ಹೋದಾಗ ಅವಳು ಬಾಯಗಲದ ಲೋಟವೊಂದನ್ನು ಬಗ್ಗಿಸುತ್ತಿದ್ದಳು. ತಳ ಕಂಡೊಡನೆ ನಿಲ್ಲಿಸಿ, ಸುರಿದದ್ದನ್ನು ಮಗನಿಗೆ, ಉಳಿದದ್ದನ್ನು ಮಗಳು ತೆರೇಸಳಿಗೆ ಕೊಟ್ಟಳು. ಪಕ್ಕದ ಮನೆಯಾಕೆಗೆ ಹೆಮ್ಮೆಯಿಂದ, “ನಮ್ಮಕ್ಕನ ಲೆಕ್ಕ ಕಣ್ರೀ ಇದು. ನಮ್ಮಿಬ್ರಿಗೂ ಒಂದ್ ದಿನಾನೂ ಜಗಳಾನೇ ಬರ್ಲಿಲ್ಲ” ಎಂದಳು. ತೆರೇಸ ನನ್ನ ತಂಗಿಯ ಅಚ್ಚು, ಅದೇ ಸಣಕಲು ಕುತ್ತಿಗೆ. ಮುಂದಿನ ವಾರ ಅಜ್ಜಿಯ ಪಾವನ್ನು ತಿಕ್ಕಿ ಬೆಳಗಿ ತೆಗೆದುಕೊಂಡು ಹೋದೆ. ಹೇಳಿಬಿಡಬೇಕೆಂದೇ ಹೋಗಿದ್ದೆ.

“ಇನ್ಮೇಲೆ ಹಾಲು ಇದ್ರಲ್ಲೇ ಹಂಚು” ಅಂದೆ.

“ಅಯ್ಯೋ, ಅಜ್ಜಿ ಪಾವು. ಯಾಕಕ್ಕ, ಎರಡೂ ಒಂದೇ ಅಲ್ವಾ?”

ಅವಳು ಮುಖವೆತ್ತಿ ಕಾದಿದ್ದಳು. “ಒಂದೇ” ಅಂದೆ.

ಒಂದೇ ಎಂದಮೇಲೆ ಅಜ್ಜಿಯ ಪಾವನ್ನು ಹಾಲಿಗೆ ಇಟ್ಟು ಸವೆಸುವುದೇಕೆ? ಅದನ್ನು ಮಾತೆ ಮರಿಯಮ್ಮನ ಪಟದ ಪಕ್ಕದಲ್ಲಿಟ್ಟು ಎರಡು ಮಲ್ಲಿಗೆ ಹಾಕಿದಳು. ಹಾಲು ಲೋಟದಲ್ಲೇ ಹಂಚಿಕೆಯಾಯಿತು.

ಹೋದ ವರ್ಷ ಜ್ವರದಲ್ಲಿ ಲೂರ್ದು ಹೋದಳು. ತಿಂಗಳಾದ ಮೇಲೆ ತೆರೇಸ ಆ ಪಾವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು, “ಇದು ನಿಮಗೇ ಸೇರ್ಬೇಕು ಅಂತ ಅಮ್ಮ ಹೇಳಿದ್ರು, ದೊಡ್ಡಮ್ಮ” ಎನ್ನುತ್ತ. ಹದಿನಾಲ್ಕರ ಹುಡುಗಿ, ಕೂತರೆ ಮಣೆಗೂ ಭಾರವಾಗದು. ಪಾವನ್ನು ತೊಳೆದು ಹಾಲು ತುಂಬಿದೆ. ಅಜ್ಜಿಯ ಹಾಗೆ ಮೆಲ್ಲಗೆ ಬಗ್ಗಿಸಿ, ತಳ ಇಣುಕಿದಲ್ಲಿಗೆ ನಿಲ್ಲಿಸಿ, ಉಳಿದದ್ದನ್ನು ಒಂದು ಹನಿಯೂ ಬಿಡದೆ ಅವಳ ಲೋಟಕ್ಕೆ ಹಾಕಿದೆ. ತೆರೇಸ ಲೋಟದೊಳಗೆ ನೋಡಿದಳು, ನನ್ನನ್ನು ನೋಡಿದಳು.

“ತುಂಬಾ ಆಯ್ತು ದೊಡ್ಡಮ್ಮ. ನಂಗೆ ಅರ್ಧ ಸಾಕು.”

“ಅರ್ಧವೇ ಕಣಮ್ಮ ಅದು” ಅಂದೆ.

ಅವಳು ನಂಬಲಿಲ್ಲ. ನನಗೆ ಬೇಜಾರಾಗದಿರಲೆಂದು ಕುಡಿದಳು, ನಡುನಡುವೆ ನಿಲ್ಲಿಸಿ, ಉಸಿರು ತೆಗೆದುಕೊಂಡು.