ಸಟವಾಯಿಗೆ ಇಡದ ಮಣೆ

ಮಕ್ಕಳನ್ನು ತಿನ್ನುತ್ತಿದ್ದವಳೇ ಮಕ್ಕಳನ್ನು ಕಾಯುವ ದೇವತೆಯಾದಳು ಎಂಬ ಕಥೆ ನನಗೆ ಚರ್ಚಾಸ್ಪರ್ಧೆಯ ಸರಕಾಗಿತ್ತು. ಎಂಬತ್ತರ ದಶಕದ ಕೊನೆ. ಕಲಬುರಗಿಯ ಕಾಲೇಜಿನಲ್ಲಿ ‘ದೇವರು ಭಯದ ಕೂಸು’ ಎಂಬ ವಿಷಯದ ಪರವಾಗಿ ಮಾತಾಡಿ ಬಹುಮಾನ ತಂದಿದ್ದೆ. ಬೌದ್ಧರ ಹಾರೀತಿ ಊರ ಕೂಸುಗಳನ್ನೆಲ್ಲ ತಿಂದ ಯಕ್ಷಿ. ಬುದ್ಧ ಅವಳ ಕೊನೆಯ ಮಗುವನ್ನು ಬಚ್ಚಿಟ್ಟಾಗ ಅತ್ತಳು, ಬದಲಾದಳು, ಪೂಜೆಗೊಂಡಳು. ನಮ್ಮ ಸಟವಾಯಿಯದೂ ಅದೇ ಜಾತಕ. ಹೆದರಿಸುವತನಕ ರಾಕ್ಷಸಿ, ಉಣ್ಣಿಸಿದ ಮೇಲೆ ದೇವಿ. ಈ ಸಾಲಿಗೆ ಎಲ್ಲಿ ಹೋದರೂ ಚಪ್ಪಾಳೆ ಬೀಳುತ್ತಿತ್ತು.

ಅಕ್ಕನ ಚೊಚ್ಚಿಲ ಹೆರಿಗೆ ಕಮಲಾಪುರದಲ್ಲಿ, ಅಜ್ಜಿಯ ಮನೆಯಲ್ಲಿ ಆಯಿತು. ಹೆಣ್ಣುಕೂಸು. ನಾನೂ ಕಾಲೇಜಿಗೆ ರಜೆ ಹಾಕಿ ಹೋಗಿದ್ದೆ. ಹುಟ್ಟಿದ ಐದನೆಯ ದಿನ, ದೀಪ ಹಚ್ಚಿದ ಮೇಲೆ ಸಟವಾಯಿಗೆ ಮಣೆ ಹಾಕಿ, ಎಡೆ ಬಡಿಸಿ, ಬಿಳಿ ಕಾಗದ ಮತ್ತು ಪೆನ್ನು ಇಡಬೇಕು. ಆಕೆ ಬಂದು ಕೂಸಿನ ಹಣೆಬರಹ ಬರೆದು ಹೋಗುತ್ತಾಳೆ. ಅಜ್ಜಿ ಮಣೆ ತೊಳೆಯುತ್ತಿದ್ದಳು.

“ಆಕಿ ಮೊದಲ ಕೂಸು ತಿಂತಿದ್ದಳಂತ ನೀನೇ ಹೇಳೀದಿ. ಅಂಥಾಕಿನ್ನ ಕೂಸಿನ ಬಾಜೂಕ ಕರೀತಿ?” ಎಂದೆ.

“ಕರೀಲಿಲ್ಲಂದ್ರ ಸಿಟ್ಟಾಗ್ತಾಳ, ವಕೀಲಬಾಯಿ.”

“ಹಂಗಂದ್ರ ಇದು ಪೂಜಾ ಅಲ್ಲ ಅಜ್ಜಿ, ಲಂಚ.”

ಹಾಸಿಗೆಯಲ್ಲಿದ್ದ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಈಕಿ ಜೋಡಿ ನೀ ಗೆಲ್ಲಂಗಿಲ್ಲಜ್ಜಿ. ಬಿಡು, ಬ್ಯಾಡ.”

ಹೆತ್ತವಳೇ ಬೇಡವೆಂದ ಮೇಲೆ ಅಜ್ಜಿ ಒದ್ದೆ ಮಣೆಯನ್ನು ಗೋಡೆಗೆ ಒರಗಿಸಿದಳು.

ಒಂಬತ್ತನೆಯ ದಿನ ಕೂಸಿಗೆ ಜ್ವರ ಬಂತು. ಕಲಬುರಗಿಯ ದವಾಖಾನೆಗೆ ಒಯ್ದೆವು. ಮರುದಿನ ಮಧ್ಯಾಹ್ನ ಕೂಸಿಲ್ಲದೆ ಕಮಲಾಪುರಕ್ಕೆ ಮರಳಿದೆವು.

ರಕ್ತಕ್ಕೆ ನಂಜೇರಿತ್ತು ಎಂದರು ಡಾಕ್ಟರು. ಅದು ನಿಜ, ಇವತ್ತಿಗೂ ನಿಜ. ಅದನ್ನೇ ಅಕ್ಕನಿಗೆ ಬಿಡಿಸಿ ಹೇಳಿದೆ, ಮೊದಲನೆಯದಾಗಿ, ಎರಡನೆಯದಾಗಿ ಅಂತ. ಅವಳಿಗೆ ಹಾಲು ಕಟ್ಟಿ ಎದೆ ಕಲ್ಲಾಗಿತ್ತು. “ನಾನೇ ಬ್ಯಾಡ ಅಂದೆ. ನನ್ನ ಬಾಯಿಲೇ ಅಂದೆ,” ಇಷ್ಟೇ ಹೇಳುತ್ತಿದ್ದಳು. ನನ್ನನ್ನು ಒಮ್ಮೆಯೂ ಬಯ್ಯಲಿಲ್ಲ. ಬೈದಿದ್ದರೆ ನನ್ನ ಹತ್ತಿರ ಉತ್ತರವಿತ್ತು. ಮೂರು ದಿನ ಅಕ್ಕ ಅನ್ನ ಮುಟ್ಟಲಿಲ್ಲ.

ನಾಲ್ಕನೆಯ ದಿನ ಅಜ್ಜಿ ಗಂಜಿಯ ಬಟ್ಟಲು ಹಿಡಿದು ಅವಳ ಪಕ್ಕ ಕೂತಳು.

“ನಾ ಪೂಜಾ ಮಾಡೀನವ್ವಾ.”

ಅಕ್ಕ ತಲೆ ಎತ್ತಿದಳು. “ಯಾವಾಗ?”

“ನೀವಿಬ್ಬರೂ ಮಲಗಿದ ಮ್ಯಾಲ. ಮಣಿ ಹಾಕಿದೆ, ಎಡಿ ಬಡಿಸಿದೆ, ಕಾಗದ ಇಟ್ಟೆ. ಏನೂ ಕಮ್ಮಿ ಮಾಡಿಲ್ಲ. ಉಂಡ್ಳು, ಕಾಯಲಿಲ್ಲ. ದೇವಿ ಅಲ್ಲವ್ವಾ ಆಕಿ, ರಾಕ್ಷಸಿ. ಹುಟ್ಟಾ ರಾಕ್ಷಸಿ. ಇದರಾಗ ನಿಂದೇನು ತಪ್ಪದ?”

ಸುಳ್ಳು. ಅಜ್ಜಿ ಕದ್ದು ಪೂಜೆ ಮಾಡಿಯಾಳೆಂದು ಆ ಐದನೆಯ ರಾತ್ರಿ ಬೆಳಗಾಗುವವರೆಗೆ ನಾನು ಕಣ್ಣು ಮುಚ್ಚದೆ ಕಾವಲು ಕೂತಿದ್ದೆ. ಹೆತ್ತ ಏಳು ಮಕ್ಕಳಿಗೂ ಮಣೆ ಹಾಕಿ ಕರೆದ ದೇವಿಯನ್ನು ಅಜ್ಜಿ ಈಗ ಒಂದು ಬಟ್ಟಲು ಗಂಜಿಗಾಗಿ ರಾಕ್ಷಸಿ ಮಾಡಿಬಿಟ್ಟಿದ್ದಳು.

ಅಕ್ಕ ನನ್ನತ್ತ ತಿರುಗಿದಳು. “ಖರೇ ಏನು?”

ಎದುರಾಳಿಯ ಸುಳ್ಳು ಹಿಡಿಯುವುದು ನಾನು ಕಲಿತ ಒಂದೇ ವಿದ್ಯೆ.

“ಖರೇ,” ಎಂದೆ. “ನಾನೂ ನೋಡೀನಿ.”

ಅಕ್ಕ ಬಾಯಿ ತೆರೆದಳು. ನಾಲ್ಕು ಗುಟುಕು ಕುಡಿದು, ಕೂಸು ಹೋದ ಮೇಲೆ ಮೊದಲ ಸಲ ಗಟ್ಟಿಯಾಗಿ ಅತ್ತಳು.

ಬಟ್ಟಲು ಇಡಲು ಹಿತ್ತಲಿಗೆ ಹೋದಾಗ ಅಜ್ಜಿ ಬಚ್ಚಲ ಕಲ್ಲಿನ ಬಳಿ ನನಗೆ ಬೆನ್ನು ಮಾಡಿ ನಿಂತಿದ್ದಳು. ಎರಡೂ ಕೈಯಿಂದ ಗಲ್ಲಗಲ್ಲ ಬಡಿದುಕೊಳ್ಳುತ್ತ, “ತಪ್ಪಾತವ್ವಾ, ತಪ್ಪಾತು ತಾಯಿ,” ಅನ್ನುತ್ತಿದ್ದಳು.