ನನ್ನ ಮೂಗಿಗೆ ಒಗ್ಗುವ ಬೆಕ್ಕು

ಬೆಕ್ಕು ಹತ್ತಿರ ಬಂದರೆ ನನಗೆ ಸೀನು ಬರುತ್ತದೆ. ಮೊದಲು ಹೀಗಿರಲಿಲ್ಲ. ಹುಲಿಕೆರೆಯ ತವರುಮನೆಯಲ್ಲಿ ಬೆಕ್ಕಿನ ಜೊತೆ ಒಂದೇ ಕಂಬಳಿಯಲ್ಲಿ ಮಲಗಿ ಬೆಳೆದವಳು ನಾನು. ಮೊಮ್ಮಗಳು ಹುಟ್ಟಿದ ಮೇಲೆ ಯಾವಾಗಲೋ ಶುರುವಾಯಿತು. ಯಾರ ಮನೆಯ ಬೆಕ್ಕೋ ಹಿತ್ತಲಿಗೆ ಬಂದು ಹೋದರೂ ಮೂಗು ಸೋರುತ್ತದೆ, ಕಣ್ಣು ಕಡಿಯುತ್ತದೆ. ಅಲರ್ಜಿ ಎಂದರು. ಈ ವಯಸ್ಸಿಗೆ ಬರುವ ಕಾಯಿಲೆಗಳಲ್ಲಿ ಇದು ಸಣ್ಣದು, ಇರಲಿ ಬಿಡು ಎಂದುಕೊಂಡಿದ್ದೆ.

ಮೊಮ್ಮಗಳು ಬೆಕ್ಕು ಬೇಕು ಎಂದಾಗ ಅದು ಸಣ್ಣದಾಗಿ ಉಳಿಯಲಿಲ್ಲ.

ನಮ್ಮದು ತೋಟದ ಮನೆ, ಅರಸೀಕೆರೆಗೂ ಹಳೇಬೀಡಿಗೂ ನಡುವೆ. ಮಗ ಕೊಬ್ಬರಿ ವ್ಯಾಪಾರ ಮಾಡುತ್ತಾನೆ. ಸೊಸೆ ಹಳೇಬೀಡಿನ ಶಾಲೆಯಲ್ಲಿ ಟೀಚರು. ಮೊಮ್ಮಗಳು ಒಬ್ಬಳೇ, ಆರನೇ ಕ್ಲಾಸು. ಅಕ್ಕಪಕ್ಕ ಮನೆಗಳಿಲ್ಲ. ಶಾಲೆಯಿಂದ ಬಂದರೆ ಆಡಲು ಅವಳಿಗೆ ನಾನೇ ಗತಿ, ನಾನು ಆಡುವವಳಲ್ಲ.

“ಬೆಕ್ಕು ಬೇಡ. ಅಜ್ಜಿಗೆ ಆಗಲ್ಲ,” ಎಂದಳು ಸೊಸೆ.

ಮೊಮ್ಮಗಳು ಹಟ ಮಾಡಿದ್ದರೆ ಗದರಿಸಿ ಸುಮ್ಮನಾಗಿಸುತ್ತಿದ್ದೆ. ಅವಳು “ಸರಿ” ಎಂದು ಎದ್ದು ಹೋದಳು. ಅದು ನನಗೆ ಹಿಡಿಸಲಿಲ್ಲ. ನನ್ನ ಮೂಗಿನ ದೆಸೆಯಿಂದ ಮಗು ಆಸೆಯನ್ನು ನುಂಗಿಕೊಳ್ಳುವುದು ಯಾವ ನ್ಯಾಯ? ಅದೂ ಅಲ್ಲದೆ ಬೆಕ್ಕು ನನಗೂ ಬೇಕಾಗಿತ್ತು. ನಮ್ಮ ಕಡೆ ತೆಂಗಿನಕಾಯಿಯನ್ನು ಹತ್ತಿರ ಹತ್ತಿರ ಒಂದು ವರ್ಷ ಅಟ್ಟದ ಮೇಲೆ ಹರಡಿ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ ಕಾಯಿ ಕೊಬ್ಬರಿಯಾಗಬೇಕು. ಅಷ್ಟರಲ್ಲಿ ಇಲಿ ತೂತು ಹಾಕಿದರೆ ಆ ಕಾಯಿ ಹೋಯಿತು.

“ಸೀನು ಬರದಂಥ ಬೆಕ್ಕು ಯಾವ್ದಾದ್ರೂ ಐತಾ, ನಿಮ್ಮಮ್ಮನ ಫೋನಲ್ಲಿ ನೋಡೇ,” ಎಂದೆ ಮೊಮ್ಮಗಳಿಗೆ.

ಅವಳು ತಡಮಾಡದೆ ಅಮ್ಮನ ಫೋನು ಹಿಡಿದು ಬಂದು ನನ್ನ ಪಕ್ಕ ಕೂತಳು. ಅಲರ್ಜಿ ಇರುವವರಿಗೆಂದೇ ಬೇರೆ ಬೇರೆ ತಳಿ ಇವೆಯಂತೆ. ಒಂದು ಸೈಬೀರಿಯಾದ್ದು, ಕುರಿಯಷ್ಟು ಉಣ್ಣೆ. ಇನ್ನೊಂದಕ್ಕೆ ಮೈಮೇಲೆ ಒಂದು ಕೂದಲಿಲ್ಲ. ಚರ್ಮ ಸುಕ್ಕು ಸುಕ್ಕು, ಕಿವಿ ಮೊರದಗಲ.

“ಇದಕ್ಕೆ ಏನಾಗೈತೆ?”

“ಏನೂ ಆಗಿಲ್ಲ ಅಜ್ಜಿ, ಅದು ಇರೋದೇ ಹಾಗೆ. ಸ್ಫಿಂಕ್ಸ್ ಅಂತ.”

“ಸುಲಿದ ಕಾಯಿಗಾದ್ರೂ ಒಂದು ಜುಟ್ಟು ಬಿಟ್ಟಿರ್ತೀವಿ. ಇದಕ್ಕೆ ಅದೂ ಇಲ್ವಲ್ಲೇ! ಅಟ್ಟ ಹತ್ತಿಸಿದ್ರೆ ಇಲಿಗಳೇ ಅಯ್ಯೋ ಪಾಪ ಅಂತಾವೆ.”

ಮಗ ಅದರ ಬೆಲೆ ವಿಚಾರಿಸಿದ. ಆಮೇಲೆ ಆ ಮಾತು ಯಾರೂ ಎತ್ತಲಿಲ್ಲ.

ಸೊಸೆ ಹುಷಾರಿ. ಮೊದಲು ಡಾಕ್ಟರನ್ನು ಕೇಳೋಣ ಎಂದು ಅರಸೀಕೆರೆಗೆ ಕರೆದುಕೊಂಡು ಹೋದಳು. ಮೊಮ್ಮಗಳೂ ಬಂದಳು. ಡಾಕ್ಟರು ನನ್ನ ಎದೆಯ ಮೇಲೆ, ಬೆನ್ನ ಮೇಲೆ ಕೊಳವೆ ಇಟ್ಟು ಕೇಳಿದರು. ಉಬ್ಬಸ ಇಲ್ಲ, ಬರೀ ಮೂಗು ಕಣ್ಣಿನದು ಎಂದರು. ಅಲರ್ಜಿ ಕೊಡುವುದು ಕೂದಲಲ್ಲವಂತೆ. ಬೆಕ್ಕಿನ ಎಂಜಲು, ಚರ್ಮದ ಹೊಟ್ಟು. ಅದು ಮೈ ನೆಕ್ಕಿಕೊಳ್ಳುತ್ತದೆ, ಎಂಜಲು ಒಣಗುತ್ತದೆ, ಪುಡಿಯಾಗಿ ಗಾಳಿಗೆ ಹಾರುತ್ತದೆ.

“ಹಾಗಾದ್ರೆ ಕೂದಲಿಲ್ಲದ್ದು ತಂದ್ರೆ?” ಮೊಮ್ಮಗಳು ಕೇಳಿದಳು.

“ಅದೂ ನೆಕ್ಕೊಳ್ಳುತ್ತಲ್ಲಮ್ಮ. ಅಲರ್ಜಿನೇ ಬರದ ತಳಿ ಅಂತ ಯಾವುದೂ ಇಲ್ಲ. ಒಂದೇ ತಳಿಯಲ್ಲೇ ಒಂದು ಬೆಕ್ಕಿಗೆ ಜಾಸ್ತಿ ಬರಬಹುದು, ಇನ್ನೊಂದಕ್ಕೆ ಕಮ್ಮಿ. ಯಾವ ಬೆಕ್ಕು ತರ್ತೀರೋ ಅದರ ಹತ್ತಿರವೇ ಅಜ್ಜಿ ಹೋಗಿ ಕೂತು ನೋಡಲಿ. ಒಂದು ಸಲ ಅಲ್ಲ, ನಾಲ್ಕಾರು ಸಲ.”

ಮಲಗುವ ಕೋಣೆಗೆ ಬಿಡಬೇಡಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಮುಟ್ಟಿದರೆ ಕೈ ತೊಳೆಯಿರಿ, ಉಸಿರು ಕಟ್ಟಿದರೆ ತಕ್ಷಣ ಬನ್ನಿ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು.

ಹೀಗೆ ನಾನು ಬೆಕ್ಕು ನೋಡಲು ಊರೂರು ಹೊರಟೆ. ಮೊದಲು ಬೇಲೂರು. ಸೊಸೆಯ ದೊಡ್ಡಮ್ಮನ ಮಗಳ ಮನೆಯಲ್ಲಿ ಪರ್ಷಿಯನ್ ಬೆಕ್ಕು ಮರಿ ಹಾಕಿತ್ತು. ಬಿಳಿ ಬೆಕ್ಕು, ಚಪ್ಪಟೆ ಮುಖ, ಸೋಫಾದ ಮೇಲೆ ಯಜಮಾನನ ಹಾಗೆ ಕೂತಿತ್ತು. ಆಯಮ್ಮ ಅದಕ್ಕೆ ತಲೆ ಬಾಚುತ್ತಾ, “ಒಳ್ಳೇ ಜಾತಿ ಕಣ್ರೀ, ದಿನಾ ಬಾಚಿದ್ರೆ ಏನೂ ಆಗಲ್ಲ,” ಎಂದರು. ಅವರು ಬಾಚಿದ್ದೆಲ್ಲ ನನ್ನ ಕಾಫಿಗೆ ಬಂತು. ನಾನು ಸೀನಿದ್ದಕ್ಕೆ ಅವರ ಬೆಕ್ಕು ಸೋಫಾದಡಿ ನುಗ್ಗಿತು. ಲೋಟ ಹಿಡಿದು ಹೊರಗೆ ಮೆಟ್ಟಿಲ ಮೇಲೆ ಬಂದು ಕೂತೆ. ಮೊಮ್ಮಗಳು ಮರಿಗಳನ್ನು ಕಣ್ಣೆತ್ತಿಯೂ ನೋಡದೆ ನನ್ನ ಹಿಂದೆಯೇ ಬಂದಳು.

ಆಮೇಲೆ ಹಳೇಬೀಡು. ಅಲ್ಲಿ ಎಳನೀರು ಮಾರುವ ಒಬ್ಬಳಿಗೆ ನಮ್ಮ ತೋಟದಿಂದಲೇ ಕಾಯಿ ಹೋಗುತ್ತದೆ. ಅವಳ ಮನೆ ಕೆರೆಯ ಹತ್ತಿರ. ನಾಟಿ ಬೆಕ್ಕು ಸಾಕಿದ್ದಳು, ಅದಕ್ಕೆ ಬೂದು ಪಟ್ಟೆಯ ಒಂದು ಹೆಣ್ಣುಮರಿ. ನಾನು ಬಂದ ಕಾರಣ ಕೇಳಿ ಅವಳು ಕೈ ತಟ್ಟಿ ನಕ್ಕಳು.

“ಏನಕ್ಕಾ, ಬೆಕ್ಕಿಗೂ ಹೆಣ್ಣು ನೋಡೋ ಶಾಸ್ತ್ರ ಮಾಡ್ತಿದ್ದೀಯಾ? ಕೇಸರಿಬಾತು ಮಾಡ್ಲಾ?”

“ಮಾಡು. ಹೆಣ್ಣಿಗೆ ಹಾಡೋಕೆ ಬತ್ತದಾ?”

“ರಾತ್ರಿ ಎಲ್ಲಾ ಹಾಡ್ತಳೆ, ಕೇಳೋಕಾಗಲ್ಲ.”

ಆ ಮರಿಯನ್ನು ತೊಡೆಯ ಮೇಲೆ ಬಿಟ್ಟುಕೊಂಡು ಕೂತೆ. ಮೂಗು ಸ್ವಲ್ಪ ಕಡಿಯಿತು. ಒಂದೆರಡು ಸೀನು ಬಂದು ನಿಂತವು. ಮೊಮ್ಮಗಳು ನನ್ನ ಮೂಗನ್ನೇ ನೋಡುತ್ತಾ ಎದುರಿಗೆ ಕೂತಿದ್ದಳು. ಆಮೇಲೆ ಶನಿವಾರ ಶನಿವಾರ ಹೋಗಿ ಕೂತು ಬಂದೆ. ಎಲ್ಲಾ ಸಲವೂ ಅಷ್ಟೇ. ಹಾಗಿದ್ದರೆ ತರೋಣ ಎಂದು ಸೊಸೆಯೇ ಹೇಳಿದಳು.

“ಒಂದು ತಿಂಗಳು ಇಟ್ಕೊಂಡು ನೋಡಿ,” ಎಂದಳು ಎಳನೀರಿನವಳು. “ಆಗ್ಲಿಲ್ಲ ಅಂದ್ರೆ ವಾಪಸ್ ತಂದ್ಕೊಡಿ. ಬೀದಿಗೆ ಮಾತ್ರ ಬಿಡ್ಬ್ಯಾಡಿ.”

ಮನೆಗೆ ತಂದ ಮೇಲೆ ನಾವು ನಮ್ಮ ಬುದ್ಧಿ ಓಡಿಸಿದೆವು. ಒದ್ದೆ ಬಟ್ಟೆಯಲ್ಲಿ ಒರೆಸಿ ಎಂದಿದ್ದರಲ್ಲ, ನೀರು ಎಷ್ಟು ಹೊತ್ತು ನಿಲ್ಲುತ್ತದೆ? ಹಾರುವುದನ್ನು ಹಿಡಿದು ನಿಲ್ಲಿಸಬೇಕಾದರೆ ಎಣ್ಣೆಯೇ ಸರಿ. ತೆಂಗು ಬೆಳೆಯುವವರ ಮನೆಯಲ್ಲಿ ಎಲ್ಲದಕ್ಕೂ ಕೊಬ್ಬರಿ ಎಣ್ಣೆ. ತಲೆಗೆ ಅದೇ, ಒಡೆದ ಹಿಮ್ಮಡಿಗೆ ಅದೇ, ಕಿರ್ರೆನ್ನುವ ಬಾಗಿಲಿಗೂ ಅದೇ. ನಾನು ಹೇಳಿದೆ, ಮಗ ಹೌದು ಎಂದ, ಸೊಸೆ ಬಟ್ಟಲಿನಲ್ಲಿ ಎಣ್ಣೆ ಬೆಚ್ಚಗೆ ಮಾಡಿ ತಂದಳು, ಮೊಮ್ಮಗಳು ಮರಿಯನ್ನು ಹಿಡಿದುಕೊಂಡಳು. ಕೂಸಿಗೆ ಹಚ್ಚುವ ಹಾಗೆ ಕಿವಿಯಿಂದ ಬಾಲದವರೆಗೆ ಹಚ್ಚಿದೆ. ಬೆಕ್ಕು ಮಿರಮಿರ ಮಿಂಚಿತು. ನಾಲ್ವರೂ ಮೆಚ್ಚಿಕೊಂಡು ನೋಡಿದೆವು.

ಮಾರನೆಯ ದಿನ ನನ್ನ ಕಣ್ಣು ಬಾತು ಮುಚ್ಚಿಕೊಂಡಿತ್ತು. ಸೀನಿ ಸೀನಿ ಪಕ್ಕೆ ನೋವು. ಕೈಮೇಲೆ ಗಂಧೆ ಎದ್ದಿತ್ತು.

“ಸಾಕು ಅತ್ತೆ,” ಎಂದಳು ಸೊಸೆ. “ನೋಡಿದ್ದಾಯ್ತು. ನಾಳೆ ಶಾಲೆಗೆ ಹೋಗುವಾಗ ನಾನೇ ವಾಪಸ್ ಕೊಟ್ಟು ಬರ್ತೀನಿ.”

ಮೊಮ್ಮಗಳು ಹೋಗಿ ಕುಕ್ಕೆ ತಂದಳು, ಒಳಗೆ ತನ್ನ ಹಳೆಯ ಲಂಗ ಹಾಸಿದಳು. ಬೆಕ್ಕನ್ನು ಎತ್ತಲು ಹೋದವಳು ಹಾಗೇ ನಿಂತಳು.

“ಅಜ್ಜಿ, ಇದು ನಿನ್ನೆಯಿಂದ ನೆಕ್ಕೋತಾನೇ ಇದೆ. ಊಟಾನೂ ಮಾಡಿಲ್ಲ.”

ಊದಿದ ಕಣ್ಣನ್ನು ಬೆರಳಲ್ಲಿ ಬಿಡಿಸಿಕೊಂಡು ನೋಡಿದೆ. ಹೌದು. ಎಣ್ಣೆ ಹೋಗಲೆಂದು ಹೊಟ್ಟೆ, ಕಾಲು, ಬಾಲ ಒಂದೂ ಬಿಡದೆ ನೆಕ್ಕುತ್ತಿತ್ತು. ನೆಕ್ಕಿದಷ್ಟೂ ಎಂಜಲು. ಡಾಕ್ಟರು ಅಲರ್ಜಿ ಕೊಡುತ್ತದೆ ಎಂದದ್ದನ್ನೇ ನಾವು ಬಟ್ಟಲುಗಟ್ಟಲೆ ಮಾಡಿಸಿದ್ದೆವು!

“ಬೆಕ್ಕಿಂದೇನೂ ತಪ್ಪಿಲ್ಲ ಕಣೇ,” ಎಂದೆ ಸೊಸೆಗೆ. “ಎಣ್ಣೆ ಹಚ್ಚಿದೋರು ನಾವು. ಮೊದ್ಲು ಇದನ್ನ ತೊಳಿ. ಆಮೇಲೆ ನೋಡಾನ.”

“ನಿಮ್ಮ ಮುಖ ಕನ್ನಡೀಲಿ ನೋಡ್ಕೊಂಡಿದ್ದೀರಾ?”

“ಈ ಮುಖ ಕಟ್ಕೊಂಡು ನಾನ್ ಯಾವ ಮದುವೆಗೆ ಹೋಗ್ಬೇಕು? ಮಾತ್ರೆ ಕೊಡು. ಉಬ್ಬಸ ಏನೂ ಬಂದಿಲ್ಲ.”

ಸೊಸೆ ಮಾತ್ರೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಚ್ಚಲಿಗೆ ಹೋದಳು. ಕಡಲೆಹಿಟ್ಟು, ಬೆಚ್ಚಗಿನ ನೀರು ಇಟ್ಟುಕೊಂಡು, ಕೈಗೆ ಎರಡು ಪಾತ್ರೆ ಒರೆಸುವ ಬಟ್ಟೆ ಸುತ್ತಿಕೊಂಡು ಬೆಕ್ಕಿಗೆ ಸ್ನಾನ ಮಾಡಿಸಿದಳು. ಬಟ್ಟೆ ಇದ್ದರೂ ಮೊಣಕೈವರೆಗೆ ಪರಚಿಸಿಕೊಂಡಳು. “ನಿನ್ನ ಮಗಳಿಗೆ ಸ್ನಾನ ಮಾಡಿಸುವಾಗಲೂ ಹೀಗೇ ಕೂಗಾಟ ಇತ್ತು,” ಎಂದು ಮಗ ಬಾಗಿಲಲ್ಲಿ ನಿಂತು ಹೇಳಿ ಬೈಸಿಕೊಂಡ.

ಮೈ ಒಣಗಿದ ಮೇಲೆ ಅದು ತಿಂದು ಮಲಗಿತು. ನಾನು ಮುಖ ತೊಳೆದು, ಮಾತ್ರೆ ನುಂಗಿ, ಬಾಗಿಲು ಹಾಕಿಕೊಂಡು ಕೋಣೆಯಲ್ಲೇ ಇದ್ದೆ. ದಿನದಿಂದ ದಿನಕ್ಕೆ ಊತ ಇಳಿಯಿತು. ಆಮೇಲೆ ಹೊರಗೆ ಬಂದು ಜಗುಲಿಯಲ್ಲಿ ಅದರ ಪಕ್ಕ ಕೂತೆ. ಹಳೇಬೀಡಿನಲ್ಲಿ ಬಂದಷ್ಟೇ ಸೀನು, ಜಾಸ್ತಿ ಇಲ್ಲ. ದಿನಾ ಒದ್ದೆ ಬಟ್ಟೆಯಲ್ಲಿ ಒರೆಸುವುದು ಮೊಮ್ಮಗಳ ಕೆಲಸವಾಯಿತು. ಬೆಕ್ಕಿಗೆ ಜಗುಲಿ, ಅಟ್ಟ ಎರಡೇ. ಅಟ್ಟದಲ್ಲಿ ಅದು ಮಾಡುವ ಕೆಲಸಕ್ಕಿಂತ ನಿದ್ದೆ ಹೆಚ್ಚು. ಆದರೂ ವಾಸನೆಗೇ ಇರಬೇಕು, ಇಲಿಗಳ ಓಡಾಟ ಕಡಿಮೆಯಾಯಿತು.

ತಿಂಗಳು ತುಂಬುವ ಹೊತ್ತಿಗೆ ಮೊಮ್ಮಗಳು ಊಟ ಸರಿಯಾಗಿ ಮಾಡದೆ ನನ್ನ ಹಿಂದೆ ಸುತ್ತತೊಡಗಿದಳು. “ಅಜ್ಜಿ, ಉಸಿರು ಸರಿಯಾಗಿದೆಯಾ?” ಎಂದು ಬೆಳಿಗ್ಗೆ ಕೇಳುವಳು, ಸಂಜೆ ಕೇಳುವಳು. ಇವಳ ಕಾಟಕ್ಕೆ ನಾನೇ ಇವಳನ್ನು ಕರೆದುಕೊಂಡು ಅರಸೀಕೆರೆಗೆ ಹೊರಟೆ. ಡಾಕ್ಟರು ಮತ್ತೆ ಕೊಳವೆ ಇಟ್ಟರು. ಅವಳು ಮೇಜಿನ ಅಂಚು ಹಿಡಿದು ನಿಂತಿದ್ದಳು.

“ಎದೆ ಚೆನ್ನಾಗಿದೆ. ಬೆಕ್ಕು ಇರಲಿ,” ಎಂದರು. “ಮಾತ್ರೆ ಮುಂದುವರಿಸಿ. ಎಣ್ಣೆ ಮಾತ್ರ ನಿಮ್ಮ ತಲೆಗೇ ಇರಲಿ.”

ಎಣ್ಣೆಯ ಸುದ್ದಿ ಫೋನಲ್ಲಿ ಅವರಿಗೆ ಹೇಳಿದವಳು ಸೊಸೆಯೇ ಇರಬೇಕು. ಹೇಳಿಕೊಳ್ಳಲಿ.

ಬಸ್‌ ಸ್ಟ್ಯಾಂಡಿನಲ್ಲಿ ನಮ್ಮ ಕಡೆಯ ಬಸ್ಸು ಹೊರಟು ನಿಂತಿತ್ತು. ಕಿಟಕಿ ಪಕ್ಕ ಜಾಗ ಹಿಡಿದು ಕೂತ ಮೇಲೆ ಮೊಮ್ಮಗಳು ನನ್ನ ಸೆರಗು ಎಳೆದಳು.

“ಅಜ್ಜಿ, ಹಾಗಾದ್ರೆ ಈಗ ಅದಕ್ಕೊಂದು ಹೆಸರಿಡಬಹುದಾ?”

ಇಷ್ಟು ದಿನ ಅವಳು ಅದನ್ನು ಬಾ ಎಂದು, ಇಲ್ಲಿ ನೋಡು ಎಂದು ಕರೆಯುತ್ತಿದ್ದಳೇ ಹೊರತು ಹೆಸರು ಹಿಡಿದು ಕೂಗಿದ್ದೇ ಇಲ್ಲ. ನನಗೆ ಅದು ಹೊಳೆದದ್ದೇ ಆಗ.

“ಇಡು. ಬಾಯಿಗೆ ಸಲೀಸಾಗಿರಬೇಕು. ಫೋನಲ್ಲಿ ಹುಡುಕಿದ್ದು ನಂಗೆ ಕೂಗೋಕೆ ಬರಲ್ಲ.”

ಅವಳು ಒಂದೊಂದೇ ಹೆಸರು ಹೇಳಿ, ಬೇಡವೆಂದು ತಾನೇ ತಳ್ಳಿಹಾಕುತ್ತಾ ಹೋದಳು. ಊರು ಬರುವವರೆಗೂ ಅದೇ. ಮಾತ್ರೆಯ ಮಂಪರಿಗೆ ನಾನು ಅರ್ಧ ಕೇಳಿದೆ, ಅರ್ಧ ನಿದ್ದೆ ಮಾಡಿದೆ.