ಎಡಗೈ, ಕರ್ಸರ್ ಮತ್ತು ಪರೀಕ್ಷಕರ ಕನ್ನಡಕ

ಪರೀಕ್ಷೆ ನಡೆಯುತ್ತಿರುವಾಗಲೇ ನಾನು ಪರೀಕ್ಷಕರ ಮುಖಕ್ಕೆ ಕೈ ಬೀಸಿದೆ. ಅವರ ಕನ್ನಡಕ ಹಾರಿ ಕೀಬೋರ್ಡ್ ಮೇಲೆ ಬಿತ್ತು.

ದ್ವೇಷವೇನೂ ಇರಲಿಲ್ಲ. ಅವರ ಮುಖ ನೋಡಿ ಹತ್ತು ನಿಮಿಷವೂ ಆಗಿರಲಿಲ್ಲ...

ಎಂಬತ್ತರ ದಶಕದ ಕೊನೆಯ ಮಾತಿದು. ಸಿರುಗುಪ್ಪದಲ್ಲಿ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಆರು ಟೈಪ್‌ರೈಟರ್, ಒಂದು ಫ್ಯಾನ್. ಪ್ರಿನ್ಸಿಪಾಲ್ ನಾನೇ, ಕಸ ಗುಡಿಸುವವನೂ ನಾನೇ.

ಬಳ್ಳಾರಿಯಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿ ಮೇಲೆ ಕಂಪ್ಯೂಟರ್ ಕ್ಲಾಸ್ ಶುರುವಾಗಿತ್ತು. ನಾನು ಆ ಕೋರ್ಸ್ ಪಾಸಾದರೆ ತಮ್ಮ ಹಳೆಯ ಕಂಪ್ಯೂಟರ್ ಒಂದನ್ನು ಸಿರುಗುಪ್ಪಕ್ಕೆ ಕೊಡುತ್ತೇವೆ ಎಂದು ಮಾಲೀಕರು ಮಾತು ಕೊಟ್ಟಿದ್ದರು. ಫೇಲಾದರೆ ಅದು ಆಂಧ್ರದ ಆದೋನಿಗೆ ಹೋಗುತ್ತಿತ್ತು.

ನನ್ನ ಹತ್ತಿರ ಕಲಿಯುತ್ತಿದ್ದವರಲ್ಲಿ ದೇಶನೂರು, ತೆಕ್ಕಲಕೋಟೆ ಕಡೆಯ ಹುಡುಗಿಯರೇ ಹೆಚ್ಚು. ಮನೆಯವರು ಅವರನ್ನು ಸಿರುಗುಪ್ಪದವರೆಗೆ ಕಳಿಸುತ್ತಿದ್ದದ್ದೇ ದೊಡ್ಡದು. ದಿನಾ ಬಳ್ಳಾರಿಗೆ ಎಂದರೆ ಮಾತೇ ಮುಗಿಯಿತು.

ಅವರು ಕಂಪ್ಯೂಟರ್ ಮುಟ್ಟಬೇಕಾದರೆ ಕಂಪ್ಯೂಟರೇ ಅವರ ಕಡೆ ಬರಬೇಕಿತ್ತು. ಅದು ಬರಬೇಕಾದರೆ ನಾನು ಪಾಸಾಗಬೇಕಿತ್ತು. ದೇಶದ ತಾಂತ್ರಿಕ ಪ್ರಗತಿ ಹೀಗೆ ನನ್ನಂಥ ಬಡಪಾಯಿಯ ಹೆಗಲೇರಿ ಕೂತಿತ್ತು.

ಮೊದಲ ಅಡ್ಡಿ ಇಂಗ್ಲಿಷು. ಕರ್ಸರ್, ಮೆಮೊರಿ, ಫ್ಲಾಪಿ, ಸೇವ್... ಒಂದೊಂದು ಶಬ್ದಕ್ಕೂ ಪುಸ್ತಕದಲ್ಲಿ ನಾಲ್ಕು ಸಾಲಿನ ವಿವರಣೆ. ಓದಿದ ಮೇಲೆ ಮೊದಲು ಗೊತ್ತಿದ್ದದ್ದೂ ಮರೆತುಹೋಗುತ್ತಿತ್ತು. (ಮೌಸ್ ಇನ್ನೂ ನಮ್ಮ ಕ್ಲಾಸಿಗೆ ದಯಮಾಡಿಸಿರಲಿಲ್ಲ, ಪುಣ್ಯ.)

ಇದಕ್ಕೆ ಪರಿಹಾರ ಕ್ಲಾಸಿಗೆ ಹೋಗುವ ಬಸ್ಸಿನಲ್ಲೇ ಸಿಕ್ಕಿತು. ಕುರುಗೋಡಿನ ಶಾಲೆಯ ಟೀಚರ್ ಶಾಂತಮ್ಮ ಅದೇ ಕ್ಲಾಸಿಗೆ ಬರುತ್ತಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿತ್ತು, ಟೈಪಿಂಗ್ ಬರುತ್ತಿರಲಿಲ್ಲ. ನನ್ನದು ಉಲ್ಟಾ. ಬಳ್ಳಾರಿ ಬರುವವರೆಗೆ ಅವರು ನನ್ನಿಂದ ಶಬ್ದಗಳ ಅರ್ಥ ಒಪ್ಪಿಸಿಕೊಳ್ಳುವುದು, ನಾನು ಅವರ ಚೀಲದ ಮೇಲೆ ಬೆರಳಿಡುವ ಜಾಗ ತೋರಿಸುವುದು. ಕಂಡಕ್ಟರ್ ನಮ್ಮಿಬ್ಬರನ್ನೂ ಅನುಮಾನದಿಂದಲೇ ನೋಡುತ್ತಿದ್ದ.

ಎರಡನೆಯ ಅಡ್ಡಿ ನನ್ನ ಎಡಗೈ.

ಟೈಪ್‌ರೈಟರ್ ಬಳಸಿದವರಿಗೆ ಗೊತ್ತು. ಸಾಲು ಮುಗಿಯುತ್ತಲೇ ಎಡಗೈ ಮೇಲೆದ್ದು, ಲಿವರ್ ಹಿಡಿದು, ಕಾಗದ ಸುತ್ತಿದ ಕ್ಯಾರೇಜನ್ನು ಬಲಕ್ಕೆ ತಳ್ಳಬೇಕು. ಹನ್ನೆರಡು ವರ್ಷ ಅದನ್ನೇ ಮಾಡಿದ ಕೈ ಕಂಪ್ಯೂಟರ್ ಮುಂದೆಯೂ ಅದನ್ನೇ ಮಾಡಿತು. ಮೊದಲ ದಿನವೇ ಮಾನಿಟರಿನ ಕೆನ್ನೆಗೆ ಬಾರಿಸಿದೆ.

"ಮಾಸ್ತರ್ರೆ, ನಿಮ್ ಎಡಗೈಗೆ ಬ್ಯಾರೆನ ಫೀಸ್ ಕಟ್ರಿ. ಅದು ಕ್ಲಾಸ್ ಕೇಳಾಕತ್ತಿಲ್ಲ" ಎಂದರು ಶಾಂತಮ್ಮ.

ಪರೀಕ್ಷೆಯ ದಿನ ಬಂತು. ಹೊರಗೆ ಚಪ್ಪಲಿ ಬಿಟ್ಟು, ಗುಡಿಗೆ ಹೋದಂತೆ ಒಳಗೆ ಹೋದೆವು. ಪರೀಕ್ಷಕರು ಹೈದರಾಬಾದಿನವರು; ಕನ್ನಡ ಅರ್ಥವಾಗುತ್ತಿತ್ತು, ಆಡುತ್ತಿದ್ದದ್ದು ತೆಲುಗು.

ನಾನು ಟೈಪ್ ಮಾಡುತ್ತಿದ್ದೇನೆ. ಅವರು ನನ್ನ ಎಡಗಡೆ ಬಗ್ಗಿ ಪರದೆ ನೋಡುತ್ತಿದ್ದಾರೆ. ಸಾಲು ಮುಗಿಯುತ್ತಿದೆ... ಮುಗಿಯಿತು.

ಮುಂದಿನದು ನಿಮಗೆ ಗೊತ್ತು.

ಪಕ್ಕದ ಸೀಟಿನಲ್ಲಿ ಶಾಂತಮ್ಮ ಕಣ್ಣು ಮುಚ್ಚಿಕೊಂಡಿದ್ದಾರೆ. ಕಂಪ್ಯೂಟರ್ ಆದೋನಿ ಬಸ್ ಹತ್ತುತ್ತಿರುವುದು ನನಗೆ ಎದುರಿಗೇ ಕಾಣುತ್ತಿದೆ.

ಪರೀಕ್ಷಕರು ಕನ್ನಡಕ ಒರೆಸಿಕೊಂಡರು. "ಏಮಯ್ಯಾ, ಇದೇಮಿ?" ಏನಯ್ಯಾ ಇದು ಎಂದು ತೆಲುಗಿನಲ್ಲೇ ಕೇಳಿದರು.

ಕಂಠಪಾಠ ಮಾಡಿದ ಇಂಗ್ಲಿಷೆಲ್ಲ ಆ ಕ್ಷಣಕ್ಕೆ ರಜೆ ಹಾಕಿತ್ತು. ಬಾಯಿಗೆ ಬಂದದ್ದು ನಮ್ಮೂರ ಮಾತು.

"ಸರ್, ಟೈಪ್‌ರೈಟರ್‌ನ್ಯಾಗ ಅಕ್ಷರ ಬೀಳೋ ಜಾಗ ನಿಂತಲ್ಲೇ ನಿಂತಿರ್ತೈತ್ರಿ, ಕಾಗದದ ಹಾಳಿ ಸರೀತೈತಿ. ಇಲ್ಲಿ ಹಾಳಿ ನಿಂತೈತಿ, ಜಾಗ ಸರೀತೈತಿ. ಆ ಸರಿಯೋ ಜಾಗಕ್ಕ ಕರ್ಸರ್ ಅಂತಾರ್ರಿ. ಹಾಳಿನ ಸರಿಯಂಗಿಲ್ಲ ಅಂದ್ಮ್ಯಾಲೆ ತಳ್ಳಾದು ಏನೈತ್ರಿ? ಎಂಟರ್ ಒತ್ತಿದ್ರ ಮುಗೀತು. ನನಗ ಗೊತ್ತೈತ್ರಿ ಸರ್... ಕೈಗೆ ಇನ್ನೂ ಸುದ್ದಿ ಮುಟ್ಟಿಲ್ಲ."

ಅವರು ನಗಲಿಲ್ಲ. ಕುರ್ಚಿ ಎಳೆದುಕೊಂಡು, ಈ ಸಲ ಜಾಣತನದಿಂದ ನನ್ನ ಬಲಗಡೆ ಕೂತರು. ಮೆಮೊರಿಗೂ ಫ್ಲಾಪಿಗೂ ಏನು ವ್ಯತ್ಯಾಸ, ಅದನ್ನೂ ಹೀಗೆಯೇ ಹೇಳು ಎಂದರು.

ಮೆಮೊರಿ ಎಂದರೆ ಸ್ಲೇಟು, ಫ್ಲಾಪಿ ಎಂದರೆ ನೋಟ್‌ಬುಕ್ಕು ಎಂದೆ. ಕರೆಂಟ್ ಹೋದರೆ ಯಾರೋ ಒದ್ದೆ ಬಟ್ಟೆಯಲ್ಲಿ ಸ್ಲೇಟ್ ಒರೆಸಿದ ಹಾಗೆ. ಒರೆಸುವ ಮೊದಲು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವುದೇ ಸೇವ್. ಸಿರುಗುಪ್ಪದಲ್ಲಿ ಕರೆಂಟ್ ಹೋಗುವ ರೀತಿ ನೋಡಿದರೆ ಸಾಲಿಗೊಮ್ಮೆ ಇಳಿಸಿಕೊಳ್ಳುವುದು ಕ್ಷೇಮ ಎಂದೂ ಸೇರಿಸಿದೆ.

ಆಗ ಮಾತ್ರ ನಕ್ಕರು.

ಇಂಗ್ಲಿಷಿಗೆ ಅವರು ಕೊಟ್ಟ ಅಂಕ ಇಲ್ಲಿ ಹೇಳುವಂಥದ್ದಲ್ಲ. ಆದರೆ ಪಾಸು ಮಾಡಿದರು. ಏಳುವಾಗ ತೆಲುಗಿನಲ್ಲೇ ಒಂದು ಷರತ್ತು ಹಾಕಿದರು: ಊರಲ್ಲಿ ಪಾಠ ಮಾಡುವಾಗ ಮೊದಲು ಹೀಗೆ ಹೇಳಬೇಕು, ಪುಸ್ತಕದ ಇಂಗ್ಲಿಷ್ ಆಮೇಲೆ. ಶಾಂತಮ್ಮನವರು ಫಸ್ಟ್ ಕ್ಲಾಸ್. ಎಡಗೈ ಬಾಧೆ ಇಲ್ಲದವರು, ಬಿಡಿ.

ಮುಂದಿನ ವಾರ ಕಂಪ್ಯೂಟರ್ ಸಿರುಗುಪ್ಪಕ್ಕೆ ಬಂತು. ಬಸ್ಸಿನ ಸೀಟಿನಲ್ಲಿ, ಎರಡು ಹಾಸಿಗೆಗಳ ನಡುವೆ, ಹೊಸ ಮದುವಣಗಿತ್ತಿಯ ಹಾಗೆ.

ಒಂದೇ ಪರದೆ, ಸುತ್ತ ಹದಿನೆಂಟು ತಲೆ. ಷರತ್ತಿನಂತೆ ಟೈಪ್‌ರೈಟರ್ ಪಕ್ಕಕ್ಕಿಟ್ಟುಕೊಂಡೇ ಕರ್ಸರ್ ಪಾಠ ಮಾಡಿದೆ. ಅಂಥ ಪಾಠ ಬಳ್ಳಾರಿ ಜಿಲ್ಲೆಯಲ್ಲೇ ಇನ್ನೊಂದಿಲ್ಲ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಮೂರನೆಯ ದಿನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಳಗೆ ನನ್ನ ಹತ್ತಿರ ಕಲಿಯುತ್ತಿದ್ದ ದೇಶನೂರಿನ ಗಂಗಮ್ಮ, ಟೈಪ್‌ರೈಟರನ್ನೇ ಮುಟ್ಟದ ಹೊಸ ಹುಡುಗಿಯೊಬ್ಬಳಿಗೆ ಪಾಠ ಹೇಳುತ್ತಿದ್ದಳು.

"ಭತ್ತ ನಾಟಿ ಮಾಡಿಯಲ್ಲೇನು? ಗದ್ದಿ ಎಲ್ಲಿಗೂ ಹೋಗಂಗಿಲ್ಲ. ಮುಂದಿನ ಸಸಿ ಎಲ್ಲಿ ಊರ್ಬೇಕೋ, ಆ ಜಾಗ ಸರೀತಾ ಹೋಗ್ತೈತಿ. ಅದಽ ಕರ್ಸರ್."

ನಾನು ಒಳಗೆ ಹೋಗದೆ ಅಲ್ಲೇ ನಿಂತೆ... ಇನ್ನು ಇದು ನನ್ನೊಬ್ಬನ ಹೆಗಲಿನ ಭಾರವಲ್ಲ.

ಗೊತ್ತಿಲ್ಲದ ದೊಡ್ಡದೊಂದು ಶಬ್ದವನ್ನು ನಿಮ್ಮ ಮನೆಯ ಮಾತಿನಲ್ಲಿ ನಿಮಗೆ ಮೊದಲು ಬಿಡಿಸಿ ಹೇಳಿದವರು ಯಾರು?